ನಷ್ಟದಲ್ಲಿರುವ ಸಾರಿಗೆ ನಿಗಮವನ್ನು ಸರ್ಕಾರ ಯಾಕೆ ನಡೆಸಬೇಕು?

"ಬಸ್ ಓಡಿಸುವುದನ್ನು ಖಾಸಗಿಯವರಿಗೇ ಬಿಡಬಹುದಲ್ಲ, ಸಾರಿಗೆ ನಿಗಮದ ಕೆಲಸವಾದರೂ ಏನು?" ಅಂತ ಕೇಳಿದ್ದೀರಿ. ನಮ್ಮೂರಿನ ವಸ್ತಿ ಬಸ್ಸಿನಿಂದಲೇ ಶುರು ಮಾಡುತ್ತೇನೆ.

ನಮ್ಮದು ಹಾವೇರಿ ಜಿಲ್ಲೆಯ ಸಣ್ಣ ಹಳ್ಳಿ. ರಾತ್ರಿ ಎಂಟೂವರೆಗೆ ಕೊನೆಯ ಬಸ್ ಬಂದು ಹನುಮಪ್ಪನ ಗುಡಿ ಮುಂದೆ ನಿಲ್ಲುತ್ತಿತ್ತು. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗಿ ಬೆಳಿಗ್ಗೆ ಆರಕ್ಕೆ ಹೊರಡುತ್ತಿದ್ದರು. ರಾತ್ರಿ ಬರುವಾಗ ನಾಲ್ಕೈದು ಜನ ಇದ್ದರೆ ಜಾಸ್ತಿ. ಬೆಳಿಗ್ಗೆ ಹಾಲಿನ ಕ್ಯಾನು, ಸೊಪ್ಪಿನ ಗಂಟು, ದೊಡ್ಡಾಸ್ಪತ್ರೆಗೆ ಹೊರಟ ಅಜ್ಜ ಅಜ್ಜಿ, ಕಾಲೇಜಿನ ನಾವು. ನಮ್ಮೆಲ್ಲರ ಹತ್ತಿರ ಪಾಸ್, ಹಾಗಾಗಿ ಕಂಡಕ್ಟರ್ ಚೀಲಕ್ಕೆ ಬೀಳುತ್ತಿದ್ದ ದುಡ್ಡು ಅಷ್ಟಕ್ಕಷ್ಟೇ. ಟಂಟಂ ಆಟೋಗಳೂ ಇದ್ದವು, ಆದರೆ ಅವು ತುಂಬಿದ ಮೇಲೇ ಹೊರಡುವುದು. ಆ ಬಸ್ ಇರದಿದ್ದರೆ ನನ್ನ ಅಕ್ಕನನ್ನು ಪಿಯುಸಿಗೆ ಯಾರೂ ಕಳಿಸುತ್ತಿರಲಿಲ್ಲ.

ಲೆಕ್ಕದಲ್ಲಿ ಅದು ನಷ್ಟದ ಟ್ರಿಪ್. ಅದನ್ನೂ ಓಡಿಸುವುದೇ ನಿಗಮದ ಕೆಲಸ.

ನಮ್ಮ ರಾಜ್ಯದ ಸಾರಿಗೆ ನಿಗಮ ಶುರುವಾದದ್ದು 1948ರಲ್ಲಿ, ಮೈಸೂರು ಸರ್ಕಾರದ ಇಲಾಖೆಯಾಗಿ, 120 ಬಸ್‌ಗಳಿಂದ. 1961ರಲ್ಲಿ ನಿಗಮವಾಯಿತು. ನಮ್ಮ ಭಾಗದ್ದು 1997ರಲ್ಲಿ ಬೇರೆಯಾಗಿ ಹುಬ್ಬಳ್ಳಿಯಲ್ಲಿ ಕಚೇರಿ ಮಾಡಿಕೊಂಡಿತು. ರಾಜ್ಯದ ಈ ನಿಗಮಗಳಿಗೆಲ್ಲ ಆಧಾರ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ಜನರಿಗೆ ಸಾಕಾಗುವಷ್ಟು ಬಸ್ ಸೌಕರ್ಯ ಕೊಡಿ ಅನ್ನುತ್ತದೆ ಅದು. ವ್ಯಾಪಾರದ ಲೆಕ್ಕಾಚಾರದಲ್ಲೇ ನಡೆಸಿ ಅಂತಲೂ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಸಂಭಾಳಿಸುವುದು ಸುಮ್ನೆ ಮಾತಲ್ಲ.

ಟಿಕೆಟ್ ದರ ಏರಿಸಲು ಸರ್ಕಾರದ ಒಪ್ಪಿಗೆ ಬೇಕು. ನಮ್ಮ ಬಸ್ಸುಗಳ ದರ 2020ರಲ್ಲಿ ಏರಿತ್ತು. ಮತ್ತೆ ಏರಿದ್ದು 2025ರ ಜನವರಿಯಲ್ಲಿ, ಶೇ. 15. ಡೀಸೆಲ್, ಸಂಬಳ ಅಷ್ಟು ವರ್ಷ ಕಾಯುತ್ತವೆಯೇ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್‌ಗಳಲ್ಲಿ ಟಿಕೆಟ್ ಉಚಿತ. ನಮ್ಮವ್ವ ಈಗ ಯಾರನ್ನೂ ದುಡ್ಡು ಕೇಳದೆ ತವರಿಗೆ ಹೋಗಿ ಬರುತ್ತಾಳೆ, ನನಗಂತೂ ಬಹಳ ಖುಷಿ. ಆದರೆ ಆ ದುಡ್ಡನ್ನು ನಿಗಮಕ್ಕೆ ಕಟ್ಟಿಕೊಡಬೇಕಾದ್ದು ಸರ್ಕಾರ. ಅದು ತಡವಾದಷ್ಟೂ ಹೊಸ ಬಸ್ ಕೊಳ್ಳುವುದು ತಡ.

ಹಾಗಾಗಿ ನಷ್ಟ ಎಷ್ಟು ಅಂತ ಕೇಳುವಾಗ, ಅದರಲ್ಲಿ ಪಾಸ್ ಎಷ್ಟು, ವಸ್ತಿ ಬಸ್ ಎಷ್ಟು, ಸರ್ಕಾರದ ಬಾಕಿ ಎಷ್ಟು ಅಂತಲೂ ಕೇಳಿ.