ಫಾಯಿಲ್ ರೋಲ್ ಬೇಗ ಖಾಲಿಯಾಗುತ್ತಿದ್ದ ಮನೆ

(ವ್ಯಸನ ಬಿಡಿಸಲು ನನ್ನ ಬಳಿ ಸಲಹೆಗೆ ಬಂದವರ ಕಥೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಟಿಫಿನ್ ಮಾಡಿಕೊಡುವ, ಕುಂದಾಪುರ ಕಡೆಯ ಕುಟುಂಬ. ಮಗನಿಗೆ 23, ದಿನೇಶ ಅನ್ನೋಣ. ತಾಯಿಗೆ ಸಂಶಯ ಬಂದದ್ದು ಚಪಾತಿ ಸುತ್ತುವ ಫಾಯಿಲ್‌ನಿಂದ. "ತಿಂಗಳಿಗೆ ಬರುವ ರೋಲ್ ಹತ್ತೇ ದಿನಕ್ಕೆ ಖಾಲಿ ಮೇಡಂ. ಎಂಥದಪ್ಪ ಇದು ಅಂದ್ಕೊಂಡೆ." ಅವನು ಅದರ ಮೇಲೆ ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಕಾಯಿಸಿ ಹೊಗೆ ಎಳೆಯುತ್ತಿದ್ದ. ಮುಂಬಯಿ ಬೀದಿಯಲ್ಲಿ ಅದು ಗರ್ದ್, ಸೇದುವವನು ಗರ್ದುಲ್ಲಾ. ನೆರೆಯವರು ಮಗನನ್ನು ಹಾಗೆ ಕರೆದರು ಅನ್ನುವಾಗಲೇ ಆಕೆ ಅತ್ತದ್ದು.

ನನ್ನೆದುರು ಕೂತಾಗ ಅವನು ಸೇದಿ 14 ತಾಸಾಗಿತ್ತು. ಆಕಳಿಕೆ ಮೇಲೆ ಆಕಳಿಕೆ, ಸೋರುವ ಮೂಗು. ಮೇ ತಿಂಗಳ ಸೆಕೆಯಲ್ಲೂ ತೋಳಿನ ರೋಮ ನಿಮಿರಿತ್ತು. "ಟರ್ಕಿ ಹತ್ತಿದೆ" ಅಂದ. ನಶೆ ಸಿಗದಾಗ ಮೈ ಪಡುವ ಪಾಡಿಗೆ ಸೇದುವವರ ಹೆಸರು ಅದು.

ಸೋದರಮಾವನ ಉಪಾಯ: ಊರಿಗೆ ಒಯ್ದು ಕೋಣೆಗೆ ಬೀಗ. ಹಿಂದೊಮ್ಮೆ ಅದೂ ಆಗಿತ್ತು. ವಾಂತಿ, ಭೇದಿ, ಮೈಕೈ ನೋವು ವಾರದಲ್ಲಿ ಇಳಿದು, ತಿಂಗಳು ಕಳೆದು 'ಗುಣವಾಗಿ' ಬಂದವನು ಅದೇ ಸಂಜೆ ಹಳೇ ಅಳತೆಯಲ್ಲೇ ಸೇದಿ ರೈಲ್ವೆ ಸ್ಟೇಷನ್ ಶೌಚಾಲಯದಲ್ಲಿ ಬಿದ್ದಿದ್ದ. ಬಿಟ್ಟ ಮೈಗೆ ತಾಳಿಕೆ ಹೋಗಿರುತ್ತದೆ; ಮೊದಲು ದಕ್ಕುತ್ತಿದ್ದ ಪ್ರಮಾಣವೇ ಈಗ ಉಸಿರು ನಿಲ್ಲಿಸುತ್ತದೆ. ಟರ್ಕಿಗಿಂತ ನನಗೆ ಭಯ ಅದು ಇಳಿದ ನಂತರದ ವಾರಗಳದ್ದು. ಮಾವನಿಗೆ ಇದನ್ನು ಮೂರು ಸಲ ಹೇಳಬೇಕಾಯಿತು.

ಮನೋವೈದ್ಯರು ಬುಪ್ರೆನಾರ್ಫಿನ್–ನಲಾಕ್ಸೋನ್ ಮಾತ್ರೆ ಶುರುಮಾಡಿದರು. ಟರ್ಕಿ ಕಣ್ಣಿಗೆ ಕಾಣುವವರೆಗೆ ಕಾದೇ ಕೊಡಬೇಕು. ಅವಸರಪಟ್ಟರೆ ಅದು ಮೈಯಲ್ಲಿರುವ ಗರ್ದನ್ನು ತಳ್ಳಿಹಾಕಿ ಟರ್ಕಿಯನ್ನು ಒಮ್ಮೆಲೇ ಕೆರಳಿಸುತ್ತದೆ. ನಾಲಿಗೆಯಡಿ ಇಟ್ಟು ಕರಗಿಸಬೇಕು, ನುಂಗಿದರೆ ಉಪಯೋಗ ಕಮ್ಮಿ.

"ಇದೂ ನಶೆಯೇ ಅಲ್ವಾ ಮೇಡಂ?" ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. ಗರ್ದ್ ಕೂರುವ ಜಾಗದಲ್ಲೇ ಇದೂ ಕೂರುತ್ತದಮ್ಮ, ಆದರೆ ಅರ್ಧ ಕೆಲಸವಷ್ಟೇ ಮಾಡುತ್ತದೆ. ಟರ್ಕಿ ತಡೆಯುತ್ತದೆ, ಅವನನ್ನು ತೇಲಿಸುವುದಿಲ್ಲ, ಕೆಲಸಕ್ಕೂ ಹೋಗಬಹುದು ಎಂದೆ. ವಾರದಲ್ಲೇ ನಿಲ್ಲಿಸಿಬಿಡೋಣ ಅನ್ನಬೇಡಿ. ಎಷ್ಟು ತಿಂಗಳು ಕೊಡಬೇಕು, ಯಾವಾಗ ಇಳಿಸಬೇಕು ಅನ್ನುವುದು ಡಾಕ್ಟರ ಲೆಕ್ಕ. ಮಾತ್ರೆ ನಿಮ್ಮ ಕೈಯಲ್ಲಿರಲಿ. ಅದರ ಜೊತೆ ಮದ್ಯವಾಗಲಿ ನಿದ್ರೆಮಾತ್ರೆಯಾಗಲಿ ಖಂಡಿತ ಬೇಡ. ಎಚ್ಚರವಾಗದೆ ಉಸಿರು ನಿಧಾನವಾಗಿ ತುಟಿ ನೀಲಿಯಾದರೆ ಬೈಯುತ್ತ ಕೂರದೆ 108ಕ್ಕೆ ಫೋನ್ ಮಾಡಿ, ಮಗ್ಗುಲಿಗೆ ಹೊರಳಿಸಿ.

ಪೊಲೀಸರ ಹೆದರಿಕೆಯೂ ಇತ್ತು. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕಿದ ವ್ಯಸನಿ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಕೇಂದ್ರದಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ನಡುವೆ ಬಿಟ್ಟರೆ ಅದು ಹೋಗಬಹುದು. ಯಾರೂ ಸಿಗದಾಗ ಕೇಳಲು 14446, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, ಬರೆದುಕೊಟ್ಟೆ.

ಈಗ ಐದನೇ ತಿಂಗಳು. ಗಣಪತಿ ವಿಸರ್ಜನೆಯ ರಾತ್ರಿ ಒಮ್ಮೆ ಜಾರಿ ಮತ್ತೆ ಸೇದಿದ. ಮರುದಿನ ಬೆಳಿಗ್ಗೆ ಅವನೇ ಫೋನ್ ಮಾಡಿ ಹೇಳಿದ. ಅಪ್ಪ ಮಾತ್ರ ಇನ್ನೂ ಅವನ ಜೊತೆ ಊಟಕ್ಕೆ ಕೂರುವುದಿಲ್ಲವಂತೆ. ಮುಂದಿನ ಶನಿವಾರ ಅವರನ್ನು ಕರೆದಿದ್ದೇನೆ.