ಪಕ್ಕದಲ್ಲಿ ನಿಂತು ಹಾಡಿದರೆ ಬೇರೆಯೇ

ಪ್ರಶ್ನೆ: ಅಮೆರಿಕದ ಗಾಯಕ ಟೋನಿ ಬೆನೆಟ್ ಅವರ ಯುಗಳ ಗೀತೆಗಳ ಆಲ್ಬಂಗಳನ್ನು ಎಲ್ಲರೂ ಹೊಗಳುತ್ತಾರೆ. ಫ್ರಾಂಕ್ ಸಿನಾತ್ರಾ ಇದನ್ನು ಮೊದಲೇ ಮಾಡಿದ್ದರಲ್ಲ? ಹಳೇ ಹಾಡಿಗೆ ಹೊಸ ಸ್ಟಾರ್ ಸೇರಿಸಿ ಮಾರುವ ಉಪಾಯ ಅಷ್ಟೇ ಅಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಾರುವ ಉಪಾಯವೇ, ಅದರಲ್ಲಿ ಮುಚ್ಚುಮರೆ ಏನಿದೆ? ಸಿನಾತ್ರಾ ಅವರ ‘ಡ್ಯುಯೆಟ್ಸ್’ 1993ರಲ್ಲಿ ಬಂದು ಭರ್ಜರಿಯಾಗಿ ಮಾರಾಟವಾಯಿತು. ಆದರೆ ಅವರು ಹಾಲಿವುಡ್‌ನ ಸ್ಟುಡಿಯೋದಲ್ಲಿ ಆರ್ಕೆಸ್ಟ್ರಾ ಜೊತೆ ತಮ್ಮ ಪಾಡಿಗೆ ಹಾಡಿ ಮುಗಿಸಿದರು, ಜೊತೆಗಾರರು ಆಮೇಲೆ ಬೇರೆ ಬೇರೆ ಕಡೆಯಿಂದ, ಕೆಲವರಂತೂ ಡಿಜಿಟಲ್ ಫೋನ್ ಲೈನ್ ಮೂಲಕ, ತಮ್ಮ ಸಾಲು ಸೇರಿಸಿದರು. ಕೇಳುವಾಗ ಅದು ಗೊತ್ತಾಗಿಬಿಡುತ್ತದೆ. ಇಬ್ಬರೂ ಚೆನ್ನಾಗಿಯೇ ಹಾಡುತ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಓಗೊಡುವುದಿಲ್ಲ.

ಬೆನೆಟ್ ತಮ್ಮ 80ನೇ ವರ್ಷಕ್ಕೆ, 2006ರಲ್ಲಿ, ಇಂಥದ್ದೇ ಆಲ್ಬಂ ಮಾಡಿದರು. ಎರಡಕ್ಕೂ ನಿರ್ಮಾಪಕ ಫಿಲ್ ರಮೋನ್, ತಮಾಷೆ ನೋಡಿ! ಈ ಸಲ ಮಾತ್ರ ಹಾಡುವವರು, ನುಡಿಸುವವರು ಎಲ್ಲ ಒಂದೇ ಕಡೆ ಸೇರಿ ಲೈವ್ ಆಗಿ ರೆಕಾರ್ಡ್ ಮಾಡಿದರು. ಸ್ಟೀವಿ ವಂಡರ್ ಜೊತೆಗಿನ ಹಾಡು ಕೇಳಿ, ಗ್ರ್ಯಾಮಿ ಬಂದಿದ್ದು ಸುಮ್ನೆ ಅಲ್ಲ. ಎಲ್ಲವೂ ಅಷ್ಟು ಚೆನ್ನಾಗಿಲ್ಲ ಬಿಡಿ. ಬೋನೋ ಜೊತೆಗಿನದು ನನಗೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತದೆ.

ಪ್ರಶ್ನೆ: ಒಂದೇ ಒಂದು ಹಾಡು ಕೇಳಬೇಕು ಅಂದರೆ ಯಾವುದು?
– ಅದೇ ಓದುಗರು

ಉತ್ತರ: ಬ್ರಿಟಿಷ್ ಗಾಯಕಿ ಏಮಿ ವೈನ್‌ಹೌಸ್ ಜೊತೆಗಿನ ‘ಬಾಡಿ ಅಂಡ್ ಸೋಲ್’. ಹಾಡು 1930ರದ್ದು, ಆಗಿನಿಂದ ಎಷ್ಟು ಜನ ಹಾಡಿದ್ದಾರೋ, ದಾಸರ ಪದದ ಹಾಗೆ ಒಬ್ಬೊಬ್ಬರದು ಒಂದೊಂದು ಧಾಟಿ. 2011ರ ಮಾರ್ಚ್‌ನಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್. ಹುಡುಗಿಗೆ ಭಯ, ಹಾಡುವುದು, ನಿಲ್ಲಿಸುವುದು, ಸಾರಿ ಕೇಳುವುದು. 84ರ ಬೆನೆಟ್ ಗಡಿಬಿಡಿ ಮಾಡಲಿಲ್ಲ. ನಿನ್ನ ಹಾಡಿನಲ್ಲಿ ಡೈನಾ ವಾಷಿಂಗ್ಟನ್ ಛಾಯೆ ಇದೆಯಲ್ಲ ಅಂತ ಕೇಳಿದರಂತೆ. ತಾನು ಆರಾಧಿಸುವ ಗಾಯಕಿಯ ಹೆಸರು ಕಿವಿಗೆ ಬಿದ್ದಿದ್ದೇ ತಡ, ಅವಳಿಗೆ ಧೈರ್ಯ ಬಂತು. ಅವಳು ಪದಗಳನ್ನು ತಾಳದ ಹಿಂದೆ ಎಳೆದು ಬಿಡುತ್ತಾಳೆ, ಬೆನೆಟ್ ತಮ್ಮ ಒರಟಾದ ದನಿಯಲ್ಲಿ ಕಾದು ನಿಂತು ಸಾಲು ಎತ್ತಿಕೊಳ್ಳುತ್ತಾರೆ. ಫೋನ್ ಲೈನಿನಲ್ಲಿ ಇದು ಆಗುವ ಕೆಲಸವಾ? ಅದೇ ಜುಲೈನಲ್ಲಿ ಏಮಿ ತೀರಿಕೊಂಡಳು, ಬರೀ 27 ವಯಸ್ಸು. ಹಾಡು ಅವಳ ಹುಟ್ಟುಹಬ್ಬದಂದು, ಸೆಪ್ಟೆಂಬರ್ 14ಕ್ಕೆ, ಬಿಡುಗಡೆಯಾಯಿತು.

ಆ ಹಾಡಿದ್ದ ‘ಡ್ಯುಯೆಟ್ಸ್ 2’ ಅಮೆರಿಕದ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ಬೆನೆಟ್‌ಗೆ 85. ಬದುಕಿರುವ ಕಲಾವಿದರಲ್ಲಿ ಅಷ್ಟು ವಯಸ್ಸಾದವರು ಅಲ್ಲಿಯವರೆಗೆ ಯಾರೂ ಅಲ್ಲಿಗೆ ತಲುಪಿರಲಿಲ್ಲ. 2014ರಲ್ಲಿ ಲೇಡಿ ಗಾಗಾ ಜೊತೆ ಸೇರಿ, 88ನೇ ವಯಸ್ಸಿನಲ್ಲಿ, ಆ ದಾಖಲೆಯನ್ನೂ ಅವರೇ ಮುರಿದರು.