ಹವ್ಯಾಸದ ಮೀಡಿಯಾ ಸರ್ವರ್ ಮಾರಾಟಕ್ಕಿಳಿದಾಗ: ಕೋಡ್ ಮುಚ್ಚಬೇಕೇ?

ಪ್ರಶ್ನೆ: ಮನೆಯಲ್ಲಿರುವ ಸಿನಿಮಾ, ಹಾಡು, ಫೋಟೊಗಳನ್ನೆಲ್ಲ ಒಂದೆಡೆ ಇಟ್ಟು ಟಿವಿ, ಮೊಬೈಲ್‌ಗಳಲ್ಲಿ ನೋಡುವಂತೆ ಮಾಡುವ ಮೀಡಿಯಾ ಸರ್ವರ್ ಒಂದನ್ನು ಬಿಡುವಿನ ವೇಳೆಯಲ್ಲಿ ಬರೆಯುತ್ತ ಬಂದಿದ್ದೇನೆ. ಜಿಪಿಎಲ್ (ಯಾರಾದರೂ ಕೋಡ್ ನೋಡಿ, ತಿದ್ದಿ, ಹಂಚಲು ಬಿಡುವ ಪರವಾನಗಿ) ಆವೃತ್ತಿ 2ರಲ್ಲಿ ಕೋಡ್ ಮುಕ್ತವಾಗಿದೆ, ಹಲವರು ಕೈಜೋಡಿಸಿದ್ದಾರೆ. ‘ಎಲ್ಲ ಜೋಡಿಸಿದ ಪುಟ್ಟ ಪೆಟ್ಟಿಗೆ ಕೊಡಿ, ದುಡ್ಡು ಕೊಡುತ್ತೇವೆ’ ಎಂದು ಬಳಕೆದಾರರು ಕೇಳುತ್ತಿದ್ದಾರೆ. ಮಾರುವುದಾದರೆ ಕೋಡ್ ಮುಚ್ಚಲೇಬೇಕು, ಇಲ್ಲದಿದ್ದರೆ ಯಾರಾದರೂ ನಕಲು ಮಾಡುತ್ತಾರೆ ಎನ್ನುತ್ತಾನೆ ಗೆಳೆಯ. ಹೌದೇ? ಕೆಲಸ ಬಿಟ್ಟು ಇದಕ್ಕೇ ಇಳಿಯಬಹುದೇ?

ಉತ್ತರ: ಮುಚ್ಚಬೇಡಿ. ಮುಚ್ಚುವ ಹಕ್ಕು ಬಹುಶಃ ನಿಮಗಿಲ್ಲ ಕೂಡ. ಜಿಪಿಎಲ್ ಮಾರಾಟಕ್ಕೆ ಅಡ್ಡಿಯಲ್ಲ. ನೀವು ಎಷ್ಟು ಬೆಲೆ ಇಟ್ಟರೂ ಅದರದ್ದೇನೂ ತಕರಾರಿಲ್ಲ. ಪೆಟ್ಟಿಗೆ ಕೊಂಡವರಿಗೆ ಒಳಗಿನ ಕೋಡ್ ಸಿಗಬೇಕು, ಅದನ್ನು ತಿದ್ದಿ ಹಂಚುವ ಸ್ವಾತಂತ್ರ್ಯವೂ ಇರಬೇಕು ಎಂಬುದಷ್ಟೇ ಅದರ ಷರತ್ತು. ಕೋಡ್ ಮುಚ್ಚಬೇಕಾದರೆ ಅದನ್ನು ಬರೆದುಕೊಟ್ಟ ಪ್ರತಿಯೊಬ್ಬರ ಒಪ್ಪಿಗೆ ಬೇಕು. ಹಕ್ಕು ವರ್ಗಾವಣೆಯ ಪತ್ರಕ್ಕೆ ನೀವು ಸಹಿ ಹಾಕಿಸಿಕೊಂಡಿಲ್ಲದಿದ್ದರೆ, ಅವರವರು ಬರೆದ ಸಾಲುಗಳ ಕಾಪಿರೈಟ್ ಅವರವರದೇ. ಅವರಲ್ಲಿ ಯಾರಾದರೂ ಕಚೇರಿ ಕೆಲಸದ ಭಾಗವಾಗಿ ಬರೆದಿದ್ದರೆ ಆ ಕಂಪನಿಯ ಹಕ್ಕೂ ನಡುವೆ ಬರುತ್ತದೆ. ಈ ಮಾತು ನಿಮಗೂ ಅನ್ವಯಿಸುತ್ತದೆ: ಬೇರೇನು ಮಾಡುವ ಮೊದಲೂ ನಿಮ್ಮ ಉದ್ಯೋಗದ ಕರಾರುಪತ್ರ ತೆಗೆದು ಓದಿ. ಬಿಡುವಿನ ವೇಳೆಯಲ್ಲಿ ಮಾಡಿದ್ದರ ಮೇಲೂ ಹಕ್ಕು ಸಾಧಿಸುವ ಷರತ್ತು ಕೆಲವು ಕರಾರುಗಳಲ್ಲಿ ಇರುತ್ತದೆ.

ಎಲ್ಲರ ಒಪ್ಪಿಗೆ ಸಿಕ್ಕರೂ ನನ್ನ ಸಲಹೆ ಬದಲಾಗದು. ಎಂಬಿ ಎಂಬ ಮೀಡಿಯಾ ಸರ್ವರ್ 2018ರ ಡಿಸೆಂಬರ್‌ನಲ್ಲಿ ತನ್ನ ಕೋಡ್ ಮುಚ್ಚಿತು. ಹಿಂದಿನ ಮುಕ್ತ ಆವೃತ್ತಿ ಎಲ್ಲರ ಕೈಯಲ್ಲಿತ್ತಲ್ಲ, ಅಸಮಾಧಾನಗೊಂಡವರು ಅದನ್ನೇ ಎತ್ತಿಕೊಂಡು ಜೆಲ್ಲಿಫಿನ್ ಎಂಬ ಹೊಸ ಕವಲು ಹೊರಡಿಸಿದರು. ಇಂದು ಮುಕ್ತ ಮೀಡಿಯಾ ಸರ್ವರ್ ಹುಡುಕುವವರು ಮೊದಲು ಕೇಳುವ ಹೆಸರುಗಳಲ್ಲಿ ಅದೂ ಒಂದು. ಎಕ್ಸ್‌ಬಿಎಂಸಿ ಎಂಬ ಮುಕ್ತ ಮೀಡಿಯಾ ಪ್ಲೇಯರ್‌ನಿಂದ ಕವಲೊಡೆದ ಪ್ಲೆಕ್ಸ್ ಮುಚ್ಚಿದ ಸರ್ವರ್ ಇಟ್ಟುಕೊಂಡೇ ದೊಡ್ಡ ಕಂಪನಿಯಾಯಿತು, ನಿಜ. ಆದರೆ ನಿಮ್ಮೊಂದಿಗಿರುವವರು ಕೋಡ್ ಮುಕ್ತವಾಗಿದೆ ಎಂದೇ ಬಂದವರು. ಅವರ ವಿಶ್ವಾಸ ಕಳೆದುಕೊಂಡು ಶುರುವಾಗುವ ವ್ಯಾಪಾರಕ್ಕೆ ಮೊದಲ ಗಿರಾಕಿಗಳೇ ಇರುವುದಿಲ್ಲ.

ಜನ ನಿಮ್ಮನ್ನು ಏನು ಕೇಳಿದ್ದಾರೆ ಎಂಬುದನ್ನು ಇನ್ನೊಮ್ಮೆ ನೋಡಿ. ಕೋಡ್ ಅವರಿಗೆ ಉಚಿತವಾಗಿಯೇ ಸಿಗುತ್ತಿದೆ; ಅವರಿಗೆ ಬೇಡವಾಗಿರುವುದು ಅದನ್ನು ಸ್ಥಾಪಿಸುವ, ಸರಿಪಡಿಸುವ, ಅಪ್‌ಡೇಟ್ ಮಾಡುವ ತಲೆನೋವು. ನೀವು ಮಾರಬೇಕಾದದ್ದು ಆ ತಲೆನೋವನ್ನು ಹೊತ್ತುಕೊಳ್ಳುವ ಕೆಲಸವನ್ನು. ಮನೆಯ ದೀಪ, ಫ್ಯಾನ್‌ನಂಥ ಸಾಧನಗಳನ್ನು ನಿಯಂತ್ರಿಸುವ ಹೋಮ್ ಅಸಿಸ್ಟೆಂಟ್ ಯೋಜನೆ ಹಿಡಿದ ದಾರಿ ಇದೇ. ಅದರ ಕೋಡ್ ಮುಕ್ತವಾಗಿಯೇ ಇದೆ. 2018ರಲ್ಲಿ ಹುಟ್ಟಿದ ನಬು ಕಾಸಾ ಎಂಬ ಕಂಪನಿ ಹೊರಗಿನಿಂದ ಮನೆಯ ವ್ಯವಸ್ಥೆಗೆ ಸುರಕ್ಷಿತವಾಗಿ ಸಂಪರ್ಕಿಸುವ ಸೇವೆಯನ್ನು ಚಂದಾಕ್ಕೆ ಕೊಡುತ್ತದೆ, ಸಿದ್ಧ ಸಾಧನಗಳನ್ನೂ ಮಾರುತ್ತದೆ. ನಿಮ್ಮ ಪೆಟ್ಟಿಗೆ, ಅದರ ಜತೆಗೆ ಹೊರಗಿನಿಂದ ಅದನ್ನು ಸಂಪರ್ಕಿಸುವ ಸೇವೆಯ ಚಂದಾ: ಇಷ್ಟರಿಂದ ಶುರು ಮಾಡಬಹುದು. ಇವೆರಡರಲ್ಲಿ ಚಂದಾವೇ ಮುಖ್ಯ ಎಂದು ನನ್ನ ಗಟ್ಟಿ ಅಭಿಪ್ರಾಯ. ಪೆಟ್ಟಿಗೆಯ ಲಾಭ ಒಂದೇ ಸಲ ಬರುತ್ತದೆ, ಭದ್ರತಾ ಅಪ್‌ಡೇಟ್‌ಗಳನ್ನು ಮಾತ್ರ ವರ್ಷಗಟ್ಟಲೆ ಕೊಡುತ್ತಿರಬೇಕು.

ಪೆಟ್ಟಿಗೆ ಮಾರಿದ ದಿನದಿಂದ ನೀವು ಬರೀ ಕೋಡ್ ಬರೆಯುವವರಲ್ಲ, ಹಂಚುವವರು. ಒಳಗಿನ ಲಿನಕ್ಸ್ ಕರ್ನಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು), ಬಿಸಿಬಾಕ್ಸ್ (ಲಿನಕ್ಸ್‌ನ ಸಣ್ಣಪುಟ್ಟ ಉಪಕರಣಗಳ ಕಟ್ಟು), ಇತರ ಲೈಬ್ರರಿಗಳು, ಎಲ್ಲದರ ಷರತ್ತುಗಳನ್ನೂ ನೀವೇ ಪಾಲಿಸಬೇಕು. ಮನೆಯ ಟಿವಿ ಕಾರ್ಯಕ್ರಮಗಳನ್ನು ದೂರದಿಂದ ನೋಡಿಸುವ ಸಾಧನ ಮಾರುತ್ತಿದ್ದ ಮಾನ್ಸೂನ್ ಮಲ್ಟಿಮೀಡಿಯಾ ಕಂಪನಿ ಬಿಸಿಬಾಕ್ಸ್‌ನ ಕೋಡ್ ಒದಗಿಸಲಿಲ್ಲವೆಂದು 2007ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ ಎದುರಿಸಿತು; ಕೊನೆಗೆ ರಾಜಿಯಾಗಿ ಕೋಡ್ ಪ್ರಕಟಿಸಬೇಕಾಯಿತು. ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ಪ್ರತಿ ಅಪ್‌ಡೇಟ್ ಬಿಡುಗಡೆಯಾದಾಗಲೂ ಅದಕ್ಕೆ ಸರಿಯಾಗಿ ಹೊಂದುವ ಪೂರ್ತಿ ಕೋಡನ್ನು, ಅದನ್ನು ಕಂಪೈಲ್ ಮಾಡುವ (ಯಂತ್ರ ನಡೆಸಬಲ್ಲ ರೂಪಕ್ಕೆ ತರುವ) ಸ್ಕ್ರಿಪ್ಟ್ ಸಮೇತ, ಅಲ್ಲೇ ಪಕ್ಕದಲ್ಲಿ ಇಡಿ. ಕೇಳಿದವರಿಗೆ ಆಮೇಲೆ ಕೊಡುತ್ತೇವೆ ಎಂದು ಬರೆದುಕೊಡುವ ದಾರಿಯೂ ಆವೃತ್ತಿ 2ರಲ್ಲಿದೆ, ಆದರೆ ಆ ಮಾತು ಕನಿಷ್ಠ 3 ವರ್ಷ ನಿಮ್ಮನ್ನು ಕಟ್ಟಿಹಾಕುತ್ತದೆ. ಒಳಗಿನ ಯಾವುದೇ ಭಾಗ ಆವೃತ್ತಿ 3ರಲ್ಲಿದ್ದರೆ, ಮನೆಬಳಕೆಯ ಸಾಧನವಾದ್ದರಿಂದ ತಿದ್ದಿದ ಕೋಡನ್ನು ಬಳಕೆದಾರರು ಅದೇ ಪೆಟ್ಟಿಗೆಗೆ ಹಾಕಲು ಬೇಕಾದ ಮಾಹಿತಿಯನ್ನೂ ಕೊಡಬೇಕು.

ಹವ್ಯಾಸಿಗಳು ಎಡವುವುದು ಹೆಚ್ಚಾಗಿ ಕೊಡೆಕ್‌ಗಳಲ್ಲಿ, ಅಂದರೆ ವಿಡಿಯೊ, ಧ್ವನಿಯನ್ನು ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನಗಳಲ್ಲಿ. ಕೋಡ್‌ನ ಪರವಾನಗಿ ಬೇರೆ, ಅದು ಮಾಡುವ ಕೆಲಸದ ಮೇಲಿನ ಪೇಟೆಂಟ್ ಬೇರೆ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಂಥ ಉಪಕರಣ ಉಚಿತವಾಗಿ ಸಿಕ್ಕಿತೆಂದು ಎಚ್.265 ಎಂಬ ವಿಡಿಯೊ ಕೊಡೆಕ್ ಮಾರುವ ಹಕ್ಕು ಉಚಿತವಾಗಿ ಬರುವುದಿಲ್ಲ. ಅದರ ಪೇಟೆಂಟ್‌ಗಳು ಪೇಟೆಂಟ್‌ಗಳನ್ನು ಒಟ್ಟಾಗಿ ಪರವಾನಗಿಗೆ ಕೊಡುವ ಒಂದಕ್ಕಿಂತ ಹೆಚ್ಚು ಗುಂಪುಗಳಲ್ಲಿ ಹರಡಿವೆ. ಅದಕ್ಕಿಂತ ಹಳೆಯ ಎಚ್.264 ಸ್ವಲ್ಪ ಸುಲಭ: ಅದರ ಮುಖ್ಯ ಪೇಟೆಂಟ್ ಗುಂಪಿನ ಪರವಾನಗಿಯಲ್ಲಿ ವರ್ಷಕ್ಕೆ ಮೊದಲ 1 ಲಕ್ಷ ಸಾಧನಗಳಿಗೆ ಶುಲ್ಕವಿಲ್ಲ. ಎಂಪಿ3, ಎಸಿ-3 ಧ್ವನಿಯ ಪೇಟೆಂಟ್ ಗೊಡವೆ 2017ರ ಹೊತ್ತಿಗೆ ಬಹುಮಟ್ಟಿಗೆ ಮುಗಿದಿದೆ. ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಪುಟ್ಟ ಕಂಪ್ಯೂಟರ್‌ನ ತಯಾರಕರು 2012ರಲ್ಲಿ ಹುಡುಕಿದ ಉಪಾಯ ನನಗೆ ಬಹಳ ಇಷ್ಟ: ಡಿವಿಡಿಗಳಲ್ಲಿ ಬಳಸುವ ಎಂಪೆಗ್-2 ಕೊಡೆಕ್ ಬೇಕಾದವರು ಮಾತ್ರ ಪ್ರತ್ಯೇಕ ಕೀ ಕೊಂಡರೆ ಸಾಕಿತ್ತು, ಉಳಿದವರ ಮೇಲೆ ಆ ಖರ್ಚು ಬೀಳಲಿಲ್ಲ. ನಿಮ್ಮ ಚಿಪ್‌ನ ತಯಾರಕರು ಯಾವುದಕ್ಕೆ ಪರವಾನಗಿ ಪಡೆದಿದ್ದಾರೆ, ಯಾವುದನ್ನು ನಿಮ್ಮ ತಲೆಗೆ ಕಟ್ಟುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಇದೊಂದಕ್ಕೆ ವಕೀಲರಿಗೆ ದುಡ್ಡು ಕೊಡಲು ಹಿಂಜರಿಯಬೇಡಿ.

ಸಿನಿಮಾಗಳ ಪೋಸ್ಟರ್, ಕಥಾಸಾರಗಳನ್ನು ಎಲ್ಲಿಂದ ತರುತ್ತಿದ್ದೀರಿ? ಟಿಎಂಡಿಬಿಯಂಥ ಸೇವೆಗಳು ಹವ್ಯಾಸಿಗಳಿಗಷ್ಟೇ ಉಚಿತ, ವಾಣಿಜ್ಯ ಬಳಕೆಗೆ ಬೇರೆ ಒಪ್ಪಂದ ಬೇಕು.

ಇನ್ನು ಗೆಳೆಯನ ಭಯ. ಹೌದು, ನಕಲು ಮಾಡುವವರು ಬರಬಹುದು. ಅವರು ಕೋಡ್ ಒಯ್ಯಬಹುದು, ಹೆಸರನ್ನಲ್ಲ, ಆ ಹೆಸರು ನಿಮ್ಮದಾಗಿದ್ದರೆ. ಎಕ್ಸ್‌ಬಿಎಂಸಿ 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿದ್ದಕ್ಕೆ ಇದ್ದ ಕಾರಣಗಳಲ್ಲಿ ಹಳೆಯ ಹೆಸರಿನ ಮೇಲೆ ಕಾನೂನಿನ ಹಿಡಿತ ಇಲ್ಲದಿದ್ದುದೂ ಒಂದು. ಮುಂದೆ ಕದ್ದ ಸಿನಿಮಾಗಳಿಗೆ ದಾರಿ ಮಾಡಿಕೊಡುವ ತಂತ್ರಾಂಶ ತುಂಬಿದ ಪೆಟ್ಟಿಗೆಗಳು ಕೋಡಿಯ ಹೆಸರಲ್ಲಿ ಮಾರಾಟಕ್ಕೆ ಬಂದಾಗ ಯೋಜನೆಯವರಿಗೆ ಹೋರಾಡಲು ಇದ್ದ ಆಸರೆ ಟ್ರೇಡ್‌ಮಾರ್ಕ್. ಮೊದಲ ಪೆಟ್ಟಿಗೆ ಮಾರುವ ಮೊದಲೇ ಹೆಸರು ನೋಂದಾಯಿಸಿ.

ಕೆಲಸ? ಈಗ ಬಿಡಬೇಡಿ. ಎಕ್ಸ್‌ಬಿಎಂಸಿಯಿಂದಲೇ ಹೊರಟ ಬಾಕ್ಸಿ ಡಿ-ಲಿಂಕ್ ಜತೆಗೂಡಿ 2010ರಲ್ಲಿ ಸಾಧನ ತಂದಿತ್ತು, ಜನ ಮೆಚ್ಚಿದ್ದರು ಕೂಡ. ಆದರೂ ಅದು ಸ್ವತಂತ್ರವಾಗಿ ಉಳಿಯಲಿಲ್ಲ, 2013ರಲ್ಲಿ ಸ್ಯಾಮ್‌ಸಂಗ್ ಅದನ್ನು ಕೊಂಡುಕೊಂಡಿತು. ಅಷ್ಟು ಬಲವಿದ್ದವರಿಗೂ ಪೆಟ್ಟಿಗೆಯ ವ್ಯಾಪಾರ ಸಲೀಸಾಗಲಿಲ್ಲ. ಮುಂಗಡ ಪಡೆದು ಒಂದು ಸಣ್ಣ ಕಂತು ಮಾತ್ರ ತಯಾರಿಸಿ. ಬೋರ್ಡನ್ನು ನೀವೇ ವಿನ್ಯಾಸ ಮಾಡಬೇಡಿ. ವಿದ್ಯುತ್ ಸುರಕ್ಷತೆ, ರೇಡಿಯೊ ಪ್ರಮಾಣಪತ್ರ ಇರುವ ಸಿದ್ಧ ಯಂತ್ರವನ್ನೇ ಕೊಳ್ಳಿ. ಆ ಗಿರಾಕಿಗಳಲ್ಲಿ ಎಷ್ಟು ಜನ ಎರಡನೇ ವರ್ಷವೂ ಚಂದಾ ಕಟ್ಟುತ್ತಾರೆ ಎಂಬುದು ತಿಳಿದ ಮೇಲೆ ರಾಜೀನಾಮೆಯ ವಿಚಾರ ಮಾಡಿ.

ಪ್ರಶ್ನೆ: ನಾನು ಕೋಡ್ ಬರೆದುಕೊಟ್ಟ ಮುಕ್ತ ಯೋಜನೆಯೊಂದನ್ನು ಅದರ ಮೂಲ ಲೇಖಕರು ಈಗ ಮಾರುತ್ತಿದ್ದಾರೆ. ನನಗೆ ಪಾಲು ಬರುತ್ತದೆಯೇ?

ಉತ್ತರ: ಪರವಾನಗಿ ಜಿಪಿಎಲ್ ಆಗಿದ್ದರೆ ಹಣದಲ್ಲಿ ಪಾಲು ಕೇಳಲು ಅದರಲ್ಲಿ ಆಧಾರವಿಲ್ಲ. ನಿಮ್ಮ ಕಾಪಿರೈಟ್ ಉಳಿದೇ ಇದೆ. ನಿಮ್ಮ ಹೆಸರಿನ ಸೂಚನೆ ಅಳಿಸುವಂತಿಲ್ಲ, ಷರತ್ತು ಮುರಿದರೆ ನೀವು ಪ್ರಶ್ನಿಸಬಹುದು. ಯೋಜನೆಗೆ ಸೇರುವಾಗ ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಅದನ್ನು ಹುಡುಕಿ ಓದಿ. ಬೇರೆ ಪರವಾನಗಿಯಲ್ಲಿಯೂ ಬಿಡುಗಡೆ ಮಾಡುವ ಅಧಿಕಾರವನ್ನು ಅದರಲ್ಲಿ ಕೊಟ್ಟಿದ್ದರೆ, ನಿಮ್ಮನ್ನು ಕೇಳದೆಯೇ ಅವರು ಕೋಡ್ ಮುಚ್ಚಬಲ್ಲರು.